ಅಕ್ಕನ ಹೊಲಿಗೆ ಕೋಣೆಯಲ್ಲೊಂದು ಕಂಬ

ಜನವರಿ 6

ಬಂದು ವಾರವಾಯಿತು. ಇವತ್ತು ಬರೆಯಲು ಕೂತದ್ದೇ ಒಂದು ಮಾತನ್ನು ನನಗೆ ನಾನೇ ಖಡಾಖಂಡಿತವಾಗಿ ಹೇಳಿಕೊಳ್ಳುವುದಕ್ಕೆ. ನಾನಿಲ್ಲಿ ಇರುವುದು ಮಾರ್ಚ್ ಕೊನೆಯವರೆಗೆ. ಅಷ್ಟೇ. ಆಮೇಲೆ ನನ್ನದೇ ಫ್ಲಾಟು, ನನ್ನದೇ ಬಾಗಿಲು, ಹದಿನಾಲ್ಕನೇ ಮಹಡಿ. ಹೊಸ ವರ್ಷಕ್ಕೆ ಬೀಗದ ಕೈ ಕೊಡುತ್ತೇವೆ ಅಂದಿದ್ದ ಕಟ್ಟಡದವರು ಈಗ ಲಿಫ್ಟು ಬಂದಿಲ್ಲ ಅನ್ನುತ್ತಿದ್ದಾರೆ. ನಿವೃತ್ತಿಯಾದವಳನ್ನು ಕ್ವಾರ್ಟರ್ಸಿನಿಂದ ಎಬ್ಬಿಸಲು ಕಾರ್ಖಾನೆಯವರಿಗೆ ಮಾತ್ರ ಯಾವ ಲಿಫ್ಟೂ ಬೇಕಾಗಲಿಲ್ಲ. ಹೀಗೆ ತ್ರಿಶಂಕುವಾಗಿ ಅಕ್ಕನ ಮನೆಯ ಮಹಡಿಗೆ ಬಂದು ಬಿದ್ದಿದ್ದೇನೆ.

ಬರುವ ಮೊದಲೇ ಕರಾರು ಮಾಡಿಕೊಂಡಿದ್ದೆ. ನನ್ನ ಒಲೆ ಬೇರೆ, ನನ್ನ ಹಾಲು ಬೇರೆ, ಓಡಾಟಕ್ಕೆ ಹೊರಗಿನ ಮೆಟ್ಟಿಲು. ನನಗೆ ಯಾರ ಹಂಗೂ ಬೇಡ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡು, "ಆಯ್ತಮ್ಮಾ ಮಹಾರಾಣಿ, ಗಾಳಿ ಬೆಳಕಾದ್ರೂ ಒಟ್ಟಿಗೆ ಇರ್ಲೋ, ಅದನ್ನೂ ಭಾಗ ಮಾಡೋಣ್ವೋ?" ಅಂದಳು. ನನಗಿಂತ ಆರು ವರ್ಷ ದೊಡ್ಡವಳು. ಭಾವ ಹೋದ ಮೇಲೆ ಒಬ್ಬಳೇ. ಕೆಳಗಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಅರ್ಧ ಬೀದಿಗೆ ಬಟ್ಟೆ ಹೊಲಿಯುತ್ತಾಳೆ, ಪೂರ್ತಿ ಬೀದಿಗೆ ಬುದ್ಧಿ ಹೇಳುತ್ತಾಳೆ. ಅರವತ್ತು ತುಂಬಿದ ನನ್ನನ್ನು ಈಗಲೂ ಗಿರಾಕಿಗಳ ಮುಂದೆ "ಪುಟ್ಟಿ" ಅಂತಲೇ ಕರೆಯುವುದು.

ಪೆಟ್ಟಿಗೆಗಳನ್ನು ಬಿಚ್ಚಿಲ್ಲ. ಬಿಚ್ಚುವುದೂ ಇಲ್ಲ. ಮತ್ತೆ ಕಟ್ಟುವವರು ಯಾರು?

ಜನವರಿ 11

ಒಂದು ಪೆಟ್ಟಿಗೆ ಮಾತ್ರ ಬಿಚ್ಚಿದೆ. ದೂರದರ್ಶಕದ್ದು. ನಿವೃತ್ತಿಗೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಜೀವಮಾನವೆಲ್ಲ ಕಾರ್ಖಾನೆಯ ಅಳತೆ ವಿಭಾಗದಲ್ಲಿ ಕೂತು, ಕೂದಲೆಳೆಗಿಂತ ಸಣ್ಣ ವ್ಯತ್ಯಾಸಗಳನ್ನು ಹುಡುಕಿ ಹುಡುಕಿ ಕಣ್ಣು ಸೋತಿದೆ. ಇನ್ನಾದರೂ ದೊಡ್ಡದೇನನ್ನಾದರೂ ನೋಡೋಣವೆನ್ನಿಸಿತ್ತು.

ಸಂಜೆ ತಾರಸಿಯ ಮೇಲೆ ಮುಕ್ಕಾಲಿ ನಿಲ್ಲಿಸಿ ಗುರುಗ್ರಹಕ್ಕೆ ಗುರಿ ಹಿಡಿದೆ. ಒಂದು ಕ್ಷಣ ಕಂಡಿತು, ಪಟ್ಟೆಪಟ್ಟೆಯ ದುಂಡು ಗ್ರಹ, ಪಕ್ಕದಲ್ಲಿ ಸಾಲಾಗಿ ಅದರ ಚಂದ್ರರು. ಮರುಕ್ಷಣವೇ ಕುಣಿಯಲು ಶುರುಮಾಡಿತು. ನಾನು ಕಾಲು ಬದಲಾಯಿಸಿದರೆ ಕುಣಿತ, ಕೆಳಗೆ ಅಕ್ಕ ಬಾಗಿಲು ಹಾಕಿದರೆ ಕುಣಿತ, ಅವಳು ಮಿಷನ್ ತುಳಿದರಂತೂ ತಕಥೈ. ನನಗೆ ಗೊತ್ತಿಲ್ಲದೆ ಜೋರಾಗಿಯೇ ಬೈದುಕೊಂಡಿರಬೇಕು, ಅಕ್ಕ ಅರ್ಧ ಮೆಟ್ಟಿಲು ಹತ್ತಿ ಬಂದಳು. ಮಂಡಿನೋವಿನಿಂದಾಗಿ ಅವಳು ಪೂರ್ತಿ ಹತ್ತುವುದಿಲ್ಲ.

"ಏನಾಯ್ತೇ ನಿನ್ನ ಫಿರಂಗಿಗೆ?"

ಹೇಳಿದೆ. ಇದಕ್ಕೆ ಮುಕ್ಕಾಲಿ ಸಾಲದು, ನೆಲದಿಂದಲೇ ಎದ್ದ ಗಟ್ಟಿ ಕಂಬ ಬೇಕು. ಮನೆಯೊಳಗೇ ನಿಂತಿದ್ದರೂ ಅದು ಮನೆಯನ್ನು ಎಲ್ಲೂ ತಾಗಬಾರದು. ಗೋಡೆಗಾಗಲಿ ನೆಲಹಾಸಿಗಾಗಲಿ ಸೂರಿಗಾಗಲಿ ಸೋಕಿದರೆ, ನಮ್ಮ ಹೆಜ್ಜೆಯ ಸದ್ದೆಲ್ಲ ಅದಕ್ಕೆ ಹತ್ತುತ್ತದೆ. ಇಲ್ಲಿ ಹಾಗೆ ನಿಲ್ಲಿಸಬೇಕಿದ್ದರೆ ಅವಳ ಹೊಲಿಗೆ ಕೋಣೆಯ ನೆಲ ಅಗೆದು, ಅಲ್ಲಿಂದ ಬೆಳಕಿಂಡಿಯ ಮೂಲಕ ತಾರಸಿಗೆ ತರಬೇಕು. ಮೂರು ತಿಂಗಳ ವಾಸಕ್ಕೆ ಅದೆಲ್ಲ ಯಾರು ಮಾಡುತ್ತಾರೆ?

"ನಿನ್ನ ಹದಿನಾಲ್ಕನೇ ಮಹಡೀಲಿ ಹೆಂಗೆ ನಿಲ್ಲಿಸ್ತೀಯ ಮತ್ತೆ?"

"ಬಾಲ್ಕನಿ ಇದೆಯಲ್ಲ."

"ಅದು ಅಲ್ಲಾಡಲ್ವಾ?"

ಅಲ್ಲಾಡದೆ ಏನು? ಅಷ್ಟೆತ್ತರದ ಕಟ್ಟಡ, ಜೋರು ಗಾಳಿಗೆ ತೂಗುತ್ತದೆ. ನಾನು ಮಾತು ಬದಲಾಯಿಸಿದೆ.

ಜನವರಿ 17

ಬೆಳಿಗ್ಗೆ ಹಾರೆಯ ಸದ್ದಿಗೆ ಎಚ್ಚರವಾಯಿತು. ಇಳಿದು ನೋಡುತ್ತೇನೆ, ಅಕ್ಕನ ಹೊಲಿಗೆ ಕೋಣೆಯ ನಟ್ಟನಡುವೆ, ಬೆಳಕಿಂಡಿಯ ನೇರ ಕೆಳಗೆ, ಸೊಂಟದಾಳದ ಗುಂಡಿ! ಅದರೊಳಗೊಬ್ಬ ಮೇಸ್ತ್ರಿ. ಕತ್ತರಿಸುವ ಮೇಜು, ಮಿಷನ್, ಬಟ್ಟೆಯ ಗಂಟುಗಳು ಎಲ್ಲವೂ ಪಡಸಾಲೆಯಲ್ಲಿ ದಿಕ್ಕಾಪಾಲು.

"ಇದೇನಕ್ಕಾ?"

"ಗುಂಡಿ."

"ಯಾರು ಅಗೆಯೋಕೆ ಹೇಳಿದ್ದು?"

"ನೀನೇ ಅಲ್ವೇನೆ ಮೊನ್ನೆ ಹೇಳಿದ್ದು? ಅಡಿಯಿಂದಲೇ ಬರ್ಬೇಕು, ಎಲ್ಲೂ ತಾಗ್ಬಾರ್ದು ಅಂತ. ನಾನು ಅವರಿಗೆ ಚಾಚೂ ತಪ್ಪದೆ ಹೇಳಿದೀನಿ, ಬೇಕಿದ್ರೆ ಕೇಳು."

ಮೇಸ್ತ್ರಿ ಗುಂಡಿಯೊಳಗಿಂದ ತಲೆಯಾಡಿಸಿದ. ನಾನು ಮಾರ್ಚ್‌ನಲ್ಲಿ ಹೋಗುವವಳು, ಇದು ಶುದ್ಧ ಹುಚ್ಚುತನ, ಆಮೇಲೆ ಈ ಕಂಬ ಇಟ್ಟುಕೊಂಡು ನೀನೇನು ಮಾಡುತ್ತೀಯ ಅಂತ ಕೂಗಾಡಿದೆ.

"ನೀನು ಹೋದ್ಮೇಲೆ ನಾನು ಬಟ್ಟೆ ನೇತು ಹಾಕ್ಕೋತೀನಿ. ಅಗೆದಾಯ್ತಲ್ಲ, ಇನ್ನು ಕೂಗಾಡಿ ಏನು ಬಂತು? ಚಹಾ ಕುಡೀತೀಯಾ?"

ಕುಡಿಯಲಿಲ್ಲ. ಮೇಲೆ ಬಂದು ನನ್ನ ಒಲೆಯಲ್ಲೇ ಮಾಡಿಕೊಂಡೆ.

ಜನವರಿ 18

ಮೇಸ್ತ್ರಿಗೆ ಕಂಬದ ಲೆಕ್ಕಾಚಾರ ವಿವರಿಸಬೇಕಾದ್ದರಿಂದ ಕೆಳಗೇ ಚಹಾ ಕುಡಿಯಬೇಕಾಯಿತು. ಸಿಟ್ಟು ಇಳಿದಿಲ್ಲ.

ಜನವರಿ 22

ಇವತ್ತು ಕಾಂಕ್ರೀಟು. ಮೇಸ್ತ್ರಿಗೆ ನಾನಿಟ್ಟಿರುವ ಹೆಸರು ಆಗ್ಲಿಬಿಡಿ. ಬೋಲ್ಟುಗಳು ಓರೆಯಾಗಿವೆ ಅಂದರೆ "ಆಗ್ಲಿ ಬಿಡಿ, ಅಷ್ಟೇನಿಲ್ಲ." ಕಾಂಕ್ರೀಟಿನ ಅಂಚಿಗೂ ಮನೆಯ ನೆಲಕ್ಕೂ ಸಂದು ಬಿಡಬೇಕು ಅಂದರೆ "ಆಗ್ಲಿ ಬಿಡಿ, ಬಿಡೋಣ." ಮನುಷ್ಯ ಒಳ್ಳೆಯವನೇ, ಆದರೆ ಅಳತೆ ವಿಭಾಗಕ್ಕೆ ಇವನು ಬಂದಿದ್ದರೆ ಮೊದಲ ದಿನವೇ ನನ್ನ ಕೈಗೆ ಸಿಕ್ಕಿ ಅಳುತ್ತಿದ್ದ.

ಹಸಿ ಕಾಂಕ್ರೀಟಿನಲ್ಲಿ ನಾಲ್ಕು ಬೋಲ್ಟು ನೆಟ್ಟಗೆ ನಿಲ್ಲಬೇಕು, ಅವುಗಳ ಮೇಲೆಯೇ ಕಂಬ ಕೂರುವುದು. ನಾನು ಮೂಲೆಮಟ್ಟ ಹಿಡಿದು ಗುಂಡಿಯ ಸುತ್ತ ಅಂಬೆಗಾಲಿಟ್ಟೆ. ಅಕ್ಕ ನೂಲಿನ ತುದಿಗೊಂದು ಬಾಬಿನ್ ಕಟ್ಟಿ ತೂಗುಗುಂಡು ಮಾಡಿ ತಂದಳು. ಇಬ್ಬರೂ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ನೂಲು ಹಿಡಿದು ಗುರಿ ನೋಡುತ್ತಿದ್ದಾಗ ಗಿರಾಕಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ನಮ್ಮನ್ನೂ ಗುಂಡಿಯನ್ನೂ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಯಾರ್ನೂ ಹೂತಿಲ್ಲ, ಬಾ" ಅಂದಳು ಅಕ್ಕ, ತಲೆ ಎತ್ತದೆ. "ನಿನ್ನ ಬಟ್ಟೆ ನಾಳೆ."

ನಾನು ನಕ್ಕು ನಕ್ಕು ಸಿಮೆಂಟಿನ ಮೇಲೆ ಕೂತುಬಿಟ್ಟೆ. ಸೀರೆಗೆ ಹತ್ತಿದ್ದು ಹೋಗುವುದಿಲ್ಲವಂತೆ.

ಜನವರಿ 30

ಕಾಂಕ್ರೀಟು ಒಣಗದ ಹಾಗೆ ಅಕ್ಕ ದಿನಾ ನೀರು ಹಾಕುತ್ತಾಳೆ. ಗಿಡಕ್ಕೆ ಹಾಕಿದ ಹಾಗೆ, ಚೊಂಬಿನಲ್ಲಿ, ಸುತ್ತಲೂ ಸ್ವಲ್ಪಸ್ವಲ್ಪ. ಮೇಲೆ ಬೆಸುಗೆಯವನು ತಾರಸಿಯಲ್ಲಿ ತಗಡಿನ ಪುಟ್ಟ ಕೋಣೆ ಎಬ್ಬಿಸುತ್ತಿದ್ದಾನೆ. ಅದರ ಸೂರಿಗೆ ಗಾಲಿ, ತಳ್ಳಿದರೆ ಹಳಿಯ ಮೇಲೆ ಹಿಂದಕ್ಕೆ ಜಾರಿ ಆಕಾಶ ತೆರೆದುಕೊಳ್ಳುತ್ತದೆ. ಅವನಿಗೆ ದೂರದರ್ಶಕದ ಅಳತೆಯ ಹಾಳೆ ಬೇಕಾಗಿತ್ತು. ಅದಕ್ಕಾಗಿ ಎರಡು ಪೆಟ್ಟಿಗೆ ಬಿಚ್ಚಿದೆ. ಪಾತ್ರೆಗಳು, ಪುಸ್ತಕಗಳು ಹೊರಗೆ ಬಂದವು. ಮತ್ತೆ ತುಂಬಲು ಪುರಸೊತ್ತಿಲ್ಲ.

ಫೆಬ್ರವರಿ 5

ಕಂಬ ಬಂತು! ದಪ್ಪ ಉಕ್ಕಿನ ಕೊಳವೆ. ತಬ್ಬಿದರೆ ಎರಡು ಕೈಗಳ ಬೆರಳು ಕಷ್ಟಪಟ್ಟು ಕೂಡುತ್ತವೆ. ಬೆಳಕಿಂಡಿಯ ಗಾಜು ತೆಗೆಸಿ, ತಾರಸಿಯಿಂದ ರಾಟೆ ಕಟ್ಟಿ ಎತ್ತಿದರು. ಕೊಳವೆಯ ತಲೆ ಮೆಲ್ಲಗೆ ತಾರಸಿಯ ತೂತಿನಿಂದ ಮೇಲೆದ್ದು ನನ್ನ ಮುಖದೆದುರು ನಿಂತಾಗ ನಾನದನ್ನು ಮೆಲ್ಲಗೆ ಸವರಿದೆ, ಯಾಕೋ ಗೊತ್ತಿಲ್ಲ. ಕಬ್ಬಿಣಕ್ಕೆಲ್ಲ ಹೀಗೆ ಮಾಡುವವಳಲ್ಲ ನಾನು. ಒಳಗೆ ಮರಳು ತುಂಬಿಸಿದೆವು, ಕೊಳವೆ ಗಂಟೆಯ ಹಾಗೆ ಅದುರಬಾರದಲ್ಲ.

ತೂತಿನ ಸುತ್ತ ಹಲಗೆ ಹಾಸಿದ್ದಾಯಿತು. ಹಲಗೆಗೂ ಕಂಬಕ್ಕೂ ನಡುವೆ ಎರಡು ಬೆರಳು ಸಂದು. ಅಷ್ಟು ಬಿಟ್ಟರೆ ಬೆಳಕಿಂಡಿ ಪೂರ್ತಿ ಮುಚ್ಚಿಹೋಯಿತು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದುದು ಆ ಬೆಳಕಿನಲ್ಲೇ. ಕೇಳಿದರೆ, "ಟ್ಯೂಬ್‌ಲೈಟ್ ಇಲ್ವಾ? ಆ ಬೆಳಕಿಂಡಿ ಸೋರ್ತಿತ್ತು, ಪೀಡೆ ಕಳೀತು" ಅಂದಳು. ಅದು ಸೋರಿದ್ದನ್ನು ನಾನಂತೂ ನೋಡಿಲ್ಲ.

ಫೆಬ್ರವರಿ 8

ಮಟ್ಟ ಮಾಡುವ ಕೆಲಸ ಶುರು. ಇಲ್ಲೊಂದು ತಮಾಷೆ ಇದೆ. ತಿರುಗಿಸಬೇಕಾದ ನಟ್ಟುಗಳು ಕಂಬದ ಬುಡದಲ್ಲಿ, ಅಕ್ಕನ ಕೋಣೆಯಲ್ಲಿ. ಗುಳ್ಳೆಯ ರಸಮಟ್ಟ ಇಟ್ಟು ನೋಡಬೇಕಾದ ತಟ್ಟೆ ಕಂಬದ ತಲೆಯ ಮೇಲೆ, ತಾರಸಿಯಲ್ಲಿ. ಒಬ್ಬಳೇ ಮಾಡಿದರೆ ಹತ್ತಿ ಇಳಿದು ಹತ್ತಿ ಇಳಿದು ಸಾಯಬೇಕು. ಬೆಳಿಗ್ಗೆಯೆಲ್ಲ ಹಾಗೇ ಮಾಡಿದೆ, ಹಟಕ್ಕೆ. ಕೊನೆಗೆ ಅಕ್ಕ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಳು.

"ನೀನು ಮೇಲಿಂದ ಹೇಳು. ನಾನು ತಿರುಗಿಸ್ತೀನಿ."

ಸಂದಿಯಿಂದ ಮಾತು ಚೆನ್ನಾಗಿ ಕೇಳಿಸುತ್ತದೆ. ಎದುರಿಗೇ ಕೂತ ಹಾಗೆ.

"ಕಿಟಕಿ ಕಡೆಯದು ಕಾಲು ಸುತ್ತು ಬಿಗಿ ಮಾಡು."

"ಕಾಲು ಸುತ್ತು ಅಂದ್ರೆ ಎಷ್ಟೇ? ಅಂಗಿ ಗುಂಡಿ ಹಾಕೋ ಅಷ್ಟಾ, ಬಿಚ್ಚೋ ಅಷ್ಟಾ?"

"ಸ್ವಲ್ಪ! ಸ್ವಲ್ಪ ಅಂದೆ! ಗುಳ್ಳೆ ಆ ಕಡೆ ಓಡಿಹೋಯ್ತು."

"ಓಡಿಹೋದ್ರೆ ಹಿಡ್ಕೊಂಡು ಬಾ. ನಾನೇನು ಮಾಡ್ಲಿ?"

ಮಧ್ಯಾಹ್ನದ ಹೊತ್ತಿಗೆ ಗುಳ್ಳೆ ಮಧ್ಯಕ್ಕೆ ಬಂತು. ಹೆಚ್ಚುಕಮ್ಮಿ. ಹಸಿವಾಗಿತ್ತು, ಕೆಳಗೇ ಉಂಡೆ.

ಫೆಬ್ರವರಿ 10

ಕಂಬ ಇಷ್ಟು ಮಟ್ಟವಾಗಿದ್ದರೆ ಧಾರಾಳ ಸಾಕು. ನಿಜ ಹೇಳಬೇಕೆಂದರೆ ಒಂಚೂರು ವಾಲಿದ್ದರೂ ದೂರದರ್ಶಕಕ್ಕೆ ಏನೂ ಆಗುವುದಿಲ್ಲ. ಅದನ್ನು ಹೊತ್ತು ತಿರುಗಿಸುವ ಯಂತ್ರವನ್ನು ಸರಿಯಾಗಿ ಧ್ರುವದ ಕಡೆ ಗುರಿ ಹಿಡಿದರೆ ಮುಗಿಯಿತು. ಈ ವಿದ್ಯೆಯ ಎಲ್ಲ ಪುಸ್ತಕಗಳಲ್ಲೂ ಇದೇ ಇದೆ.

ಆದರೂ ಗುಳ್ಳೆ ಗೆರೆಯಿಂದ ಒಂದು ಎಳೆಯಷ್ಟು ಆಚೆ ಇದೆ. ಅದನ್ನು ನನಗೆ ಸಹಿಸಲಾಗುವುದಿಲ್ಲ. ಬೆಳಿಗ್ಗೆಯೂ ಸಂಜೆಯೂ ಮಟ್ಟ ಮಾಡಿದೆವು.

ಫೆಬ್ರವರಿ 13

ಮಟ್ಟ ಮಾಡಿದೆವು. ಅಕ್ಕ ಈಗ ಪಳಗಿದ್ದಾಳೆ. "ಅರ್ಧ ಕಾಲು" ಅಂದರೆ ಅರ್ಧ ಕಾಲೇ. ನಡುನಡುವೆ ಬೀದಿಯ ಸಮಾಚಾರ. ಬೇಕರಿಯವನ ಹೆಂಡತಿ ಕಾರು ಕಲಿಯುತ್ತಿದ್ದಾಳೆ, ಅವಳು ಹೊರಟಾಗ ಎಲ್ಲರೂ ಮಕ್ಕಳನ್ನು ಒಳಕ್ಕೆ ಕರೆಯುತ್ತಾರೆ. ಮೂಲೆ ಮನೆಯ ಮೇಷ್ಟ್ರು ಹೊಸ ಪ್ಯಾಂಟಿಗೆ ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಕೊಟ್ಟು, ಈಗ ಉಸಿರಾಡಿದರೆ ಗುಂಡಿ ಹಾರುತ್ತಿದೆ. ನಾನು ನಕ್ಕರೆ ಮಟ್ಟ ಹಿಡಿದ ಕೈ ಅಲುಗಿ ಗುಳ್ಳೆಯೂ ಅಲುಗುತ್ತದೆ. ಹಾಗಾಗಿ ಕೆಲಸ ನಿಧಾನ.

ಫೆಬ್ರವರಿ 16

ಹಾಲು ಒಡೆದಿತ್ತು. ಮೊನ್ನೆಯದೂ ಹಾಗೇ ಇತ್ತು. ಮೇಲೆ ಯಾರೂ ಕಾಯಿಸದಿದ್ದರೆ ಇನ್ನೇನಾಗುತ್ತದೆ? ಹಾಲಿನವನಿಗೆ ನಾಳೆಯಿಂದ ನನ್ನ ಪಾಲು ಬೇಡ ಅಂದೆ. ಸುಮ್ಮನೆ ದಂಡ.

ಮಟ್ಟ ಮಾಡಿದೆವು.

ಫೆಬ್ರವರಿ 19

ಇವತ್ತು ದೂರದರ್ಶಕವನ್ನು ಕಂಬಕ್ಕೇರಿಸಿದೆ. ಸೂರು ಹಿಂದಕ್ಕೆ ತಳ್ಳಿದೆ. ಸೂರ್ಯ ಮುಳುಗಿ ಇನ್ನೂ ಕೆಂಪಾರಿರಲಿಲ್ಲ, ಆಗಲೇ ಗುರು ಮಿನುಗುತ್ತಿದ್ದ. ಗುರಿ ಹಿಡಿದು ಕಣ್ಣಿಟ್ಟೆ.

ಅಲುಗಾಡಲಿಲ್ಲ. ಹಲಗೆಯ ಮೇಲೆ ಬೇಕೆಂದೇ ಧಪಧಪ ಕುಣಿದೆ, ಆದರೂ ಅಲುಗಾಡಲಿಲ್ಲ. ಗುಂಡಗೆ, ನಿಶ್ಚಲವಾಗಿ, ಯಾರೋ ಈಗಷ್ಟೇ ಅಲ್ಲಿಟ್ಟು ಕೈ ತೆಗೆದ ಹಾಗೆ. "ಅಕ್ಕಾ!" ಅಂತ ಕಿರುಚಿದೆ. ನಾನು ಬಿದ್ದೆನೆಂದುಕೊಂಡು ಅವಳು ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿ ಓಡಿಬಂದಳು. ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ನನ್ನ ಬೆನ್ನಿಗೊಂದು ಗುದ್ದಿ, ಆಮೇಲೆ ತಾನೂ ಕಣ್ಣಿಟ್ಟಳು.

"ಅಂಚು ಎಷ್ಟು ನೀಟಾಗಿ ಮಡಚಿದಾರೆ ನೋಡು" ಅಂದಳು.

ನನಗೆ ಇಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ.

ಫೆಬ್ರವರಿ 22

ಏನೋ ಎಡವಟ್ಟಾಗಿದೆ. ನಿನ್ನೆಯಿಂದ ಗುರು ನಡುಗುತ್ತಿದ್ದಾನೆ. ಸದಾ ಅಲ್ಲ, ಆಗಾಗ. ಇಡೀ ಸಂಜೆ ಪರೀಕ್ಷಿಸಿ ಕಾರಣ ಕಂಡುಹಿಡಿದೆ, ಆದರೆ ಬರೆಯಲು ನಾಚಿಕೆಯಾಗುತ್ತದೆ. ನಾನು ಮಾತಾಡಿದಾಗ ಮಾತ್ರ ನಡುಗುತ್ತಾನೆ. ಅಕ್ಕ ಕೆಳಗಿನಿಂದ ಮಾತಾಡುವಾಗ ಕಲ್ಲಿನ ಹಾಗೆ ನಿಂತಿರುತ್ತಾನೆ, ನಾನು ಉತ್ತರ ಕೊಡಲು ಬಾಯಿ ತೆರೆದೆನೋ, ನಡುಕ. ಪಿಸುಮಾತಿನಲ್ಲಿ ಹೇಳಿ ನೋಡಿದೆ. ಆಗಲೂ ನಡುಕ. ಮುಖ ತಿರುಗಿಸಿ ಹೇಳಿ ನೋಡಿದೆ. ಆಗಲೂ. ನನ್ನ ದನಿಗೆ ಇಷ್ಟು ಶಕ್ತಿ ಇದೆಯೆಂದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವಲ್ಲ!

ನಾಳೆ ಮತ್ತೆ ಮಟ್ಟ ಮಾಡಬೇಕು.

ಫೆಬ್ರವರಿ 23

ಮಟ್ಟ ಸರಿಯಾಗಿಯೇ ಇತ್ತು. ಸಂಜೆ ಅಕ್ಕ ಯಾರದೋ ಮದುವೆಯ ಗಲಾಟೆ ಹೇಳುತ್ತಿದ್ದಳು. ನಾನು "ಆಮೇಲೆ?" ಅಂದೆ, ಕಣ್ಣು ದೂರದರ್ಶಕದಲ್ಲೇ. ಗುರು ನಡುಗಿದ. ಆಗ ತಲೆಯೊಳಗೆ ದೀಪ ಹತ್ತಿತು. ಅವಳು ಹೇಳುವಾಗ ಮಿಷನ್ ನಿಲ್ಲಿಸುತ್ತಾಳೆ. ನಾನು ಹೇಳುವಾಗ ಹೊಲಿಯುತ್ತಾ ಕೇಳುತ್ತಾಳೆ.

ಕೆಳಗೆ ಓಡಿದೆ. ಮಿಷನ್ನಿನ ಮೇಜನ್ನು ಕಂಬಕ್ಕೆ ಅಂಟಿಸಿ ಹಾಕಿಕೊಂಡಿದ್ದಾಳೆ. ಅಷ್ಟು ಸಾಲದೆಂದು ಕಂಬಕ್ಕೆ ಕೊಕ್ಕೆ ಸಿಗಿಸಿ, ಕತ್ತರಿ, ಅಳತೆ ಟೇಪು, ಅರ್ಧ ಹೊಲಿದ ನಾಲ್ಕು ರವಿಕೆ ನೇತು ಹಾಕಿದ್ದಾಳೆ.

ನನಗೆ ರೇಗಿಹೋಯಿತು. ಯಾವುದೂ ತಾಗಬಾರದು ಅಂತ ನೂರು ಸಲ ಬಡಿದುಕೊಂಡಿಲ್ಲವಾ, ಕೋಣೆಯಲ್ಲಿ ಮೇಜು ಹಾಕಲು ಬೇರೆ ಜಾಗವೇ ಇಲ್ಲವಾ ಅಂತ ಕೇಳಿದೆ.

"ಇಲ್ಲಿ ಬೆಳಕು ಚೆನ್ನಾಗಿದೆ" ಅಂದಳು.

ಬೆಳಕು! ಬೆಳಕಿಂಡಿ ಮುಚ್ಚಿದ ಮೇಲೆ ಅಲ್ಲಿ ಹಗಲಲ್ಲೂ ದೀಪ ಬೇಕು. ಸುಳ್ಳು ಹೇಳಲೂ ಬರುವುದಿಲ್ಲ ಇವಳಿಗೆ. "ಇನ್ನೇನು ಮಾರ್ಚ್ ಬಂತು. ನಾನು ಹೋದ್ಮೇಲೆ ನೀನೂ ನಿನ್ನ ಮೇಜೂ ಕಂಬಾನ ತಬ್ಬಿಕೊಂಡೇ ಕೂತಿರಿ. ಅಲ್ಲಿವರೆಗಾದ್ರೂ ದೂರ ಇಡು" ಅಂದೆ.

"ಆಯ್ತು" ಅಂದಳು.

ಅಕ್ಕ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ.

ಫೆಬ್ರವರಿ 24

ಗ್ರಹ ನಿಶ್ಚಲವಾಗಿದೆ. ಅಕ್ಕ ಮೇಜನ್ನು ಆಚೆ ಗೋಡೆಗೆ ಹಾಕಿಕೊಂಡಿದ್ದಾಳೆ. ಅಲ್ಲಿಗೆ ಸಂದಿಯ ಮಾತು ಕೇಳಿಸುವುದಿಲ್ಲ.

ಫೆಬ್ರವರಿ 25

ನಿಶ್ಚಲ.

ಫೆಬ್ರವರಿ 27

ನಿಶ್ಚಲ. ಆದರೂ ಏನೋ ಸರಿಯಿಲ್ಲ. ಸಂಜೆ ಗುರುವನ್ನು ನೋಡುತ್ತಾ, "ಅಕ್ಕಾ, ಅದರ ಒಂದು ಚಂದ್ರ ಈಗಷ್ಟೇ ಗ್ರಹದ ಹಿಂದೆ ಹೋದ" ಅಂದೆ. ಸಂದಿಯಿಂದ ದೂರದಲ್ಲೆಲ್ಲೋ ಮಿಷನ್ನಿನ ಸದ್ದು ಮಾತ್ರ. ಬೇಗ ಸೂರು ಮುಚ್ಚಿದೆ. ಮೇಲೆ ಒಲೆ ಹಚ್ಚಿದೆ, ಅಡುಗೆ ಮಾಡಿಕೊಂಡೆ, ಉಪ್ಪು ಹಾಕಲು ಮರೆತಿದ್ದೆ.

ಮಟ್ಟ ತಪ್ಪಿರಬೇಕು.

ಮಾರ್ಚ್ 1

ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಎರಡು ಗೆರೆಗಳ ನಟ್ಟನಡುವೆ, ಅಳತೆ ವಿಭಾಗದಲ್ಲಿ ಕೂಡ ಇಷ್ಟು ಚೆನ್ನಾಗಿ ಎಂದೂ ನಿಂತಿರಲಿಲ್ಲ. ಅದನ್ನು ನೋಡಿ ಅಳು ಬಂತು. ಮಟ್ಟ ಮಾಡಲು ಇನ್ನೇನೂ ಉಳಿದಿಲ್ಲ.

ಮಾರ್ಚ್ 2

ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕೆಳಗಿಳಿದೆ. ಅಕ್ಕ ಆಚೆ ಗೋಡೆಯ ಹತ್ತಿರ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

"ಮಟ್ಟ ತಪ್ಪಿದ್ಯಾ?" ಅಂದಳು, ತಲೆ ಎತ್ತದೆ.

"ಇಲ್ಲ."

"ಮತ್ತೆ ಸ್ಪ್ಯಾನರ್ ಯಾಕೆ?"

ಯಾಕೆಂದು ನನಗೂ ಗೊತ್ತಿರಲಿಲ್ಲ. ಅದನ್ನು ಕಿಟಕಿಯಲ್ಲಿಟ್ಟು ಅವಳ ಮೇಜಿನ ಎರಡು ಕಾಲು ಹಿಡಿದು ಎಳೆಯತೊಡಗಿದೆ. ನೆಲ ಕಿರುಗುಟ್ಟಿತು, ದಾರದುಂಡೆಗಳು ಉರುಳಿದವು. ಅಕ್ಕ "ಏಯ್, ಏಯ್, ಸೂಜಿ ಮುರಿಯತ್ತೆ ಕಣೇ!" ಅಂತ ಕೂಗುತ್ತಾ ಪೆಡಲ್ಲಿನ ಮೇಲಿಂದ ಕಾಲು ತೆಗೆಯದೆ ಸ್ಟೂಲಿನ ಸಮೇತ ಜಾರುತ್ತಾ ಬಂದಳು. ಕಂಬದ ಪಕ್ಕಕ್ಕೆ ತಂದು ನಿಲ್ಲಿಸಿದೆ. ನಡುವೆ ನನ್ನ ತೋರುಬೆರಳು ಇಳಿಸಿ ನೋಡಿದೆ. ಒಂದು ಬೆರಳು ಸಂದು, ಮೇಲಿಂದ ಕೆಳಗಿನವರೆಗೂ.

"ತಾಗ್ಬಾರ್ದು ಅಂದ್ಯಲ್ಲ?"

"ತಾಗ್ಬಾರ್ದು. ದೂರ ಹೋಗು ಅಂತ ಯಾರಂದ್ರು?"

"ನೀನೇ ಅಂದೆ."

"ತಪ್ಪು ಅಳತೆ ಹೇಳ್ದೆ" ಅಂದೆ. ಅವಳಿಲ್ಲದೆ ಮೇಲೆ ನನಗೆ ಬೇಜಾರು, ಗುರು ಇದ್ದರೂ ಬೇಜಾರು ಅಂತಲೂ ಹೇಳಿದೆ. ಇಷ್ಟನ್ನು ಬಾಯಿಬಿಟ್ಟು ಹೇಳಲು ಬೆವರು ಬಂತು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಕತ್ತರಿಯಾದ್ರೂ ನೇತು ಹಾಕ್ಲಾ?"

"ಕತ್ತರೀನೂ ಇಲ್ಲ!"

ಮಾರ್ಚ್ 5

ಎಂಥ ಸಂಜೆ! ಇವತ್ತು ಚಂದ್ರ ಕೃತ್ತಿಕೆಯ ಗುಂಪಿನ ಮೇಲೆ ಹಾದುಹೋಗುವುದಿತ್ತು. ದಾರಿಯಲ್ಲಿ ಸಿಕ್ಕ ನಕ್ಷತ್ರಗಳನ್ನು ಒಂದೊಂದಾಗಿ ಮರೆಮಾಡುತ್ತಾ ಹೋಗುತ್ತಾನೆ. ಅಕ್ಕನನ್ನು ಮೇಲೆ ಹತ್ತಿಸಿ ಸ್ಟೂಲಿನ ಮೇಲೆ ಕೂರಿಸಿದೆ. ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ, ಆದರೂ ಹತ್ತಿದಳು.

ಮಿಷನ್ನಿನ ಪರೀಕ್ಷೆ ಬಾಕಿ ಇತ್ತು. ಒಂದು ಬೆರಳು ಸಂದು ಸಾಕೋ ಇಲ್ಲವೋ ಗೊತ್ತಾಗಬೇಕಲ್ಲ. "ನೀನು ನೋಡ್ತಿರು, ನಾನು ಕೆಳಗೆ ತುಳೀತೀನಿ. ನಡುಗಿದ್ರೆ ಹೇಳು" ಅಂದು ಇಳಿದೆ. ಚಿಂದಿಯೊಂದನ್ನು ಸೂಜಿಯ ಕೆಳಗಿಟ್ಟು ಶಕ್ತಿಯಿದ್ದಷ್ಟೂ ತುಳಿದೆ.

"ನಡುಗ್ತಿದ್ಯಾ?"

"ಇಲ್ಲ!" ಸಂದಿಯಿಂದ ಅವಳ ದನಿ. "ಚಂದ್ರನ ಕತ್ತಲೆ ಅಂಚಿನ ಹತ್ರ ಒಂದು ಬಂದಿದೆ ಕಣೇ. ಬಂತು, ಬಂತು... ಅಯ್ಯೋ!"

"ಏನಾಯ್ತು?"

"ಹೋಯ್ತು! ಯಾರೋ ಸ್ವಿಚ್ ಆರಿಸಿದ ಹಾಗೆ! ಪುಟ್ಟೀ, ಇನ್ನೊಂದು ಬರ್ತಿದೆ, ಬೇಗ ಬಾ! ಬೇಡ, ಬರ್ಬೇಡ, ತುಳಿ, ಚೆನ್ನಾಗಿ ಬರ್ತಿದೆ!"

ಇನ್ನೊಂದೂ ಹೋಯಿತು. ಮತ್ತೊಂದು. ಪ್ರತಿ ಸಲವೂ ಅಕ್ಕ ಮೇಲಿಂದ "ಹೋಯ್ತೂ!" ಅಂತ ಚಿಕ್ಕ ಹುಡುಗಿಯ ಹಾಗೆ ಕಿರುಚುವುದು, ನಾನು ಕೆಳಗೆ ತುಳಿಯುತ್ತಾ "ಯಾವುದು? ದೊಡ್ಡದಾ?" ಅಂತ ಕೂಗುವುದು. ಬೇಕರಿಯವನ ಹೆಂಡತಿ ಕಿಟಕಿಯಿಂದ ಇಣುಕಿ, ಏನು ಹೋಯಿತು, ಹುಡುಕಿಕೊಡಲೇ ಅಂತ ಕೇಳಿದಳು. ಎಷ್ಟೋ ದಿನದಿಂದ ಕಾಯುತ್ತಿದ್ದ ನೋಟವನ್ನು ನಾನು ಒಂದು ಸಲವೂ ನೋಡಲಿಲ್ಲ, ಒಂದು ಚಿಂದಿಯನ್ನು ಇಪ್ಪತ್ತು ಸಲ ಹೊಲಿದೆ. ಆದರೆ ಅಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಹೊಟ್ಟೆ ತುಂಬಿತು.

ಮಾರ್ಚ್ 12

ಉಳಿದ ಪೆಟ್ಟಿಗೆಗಳನ್ನೂ ಬಿಚ್ಚಿದೆ, ಗೆದ್ದಲು ಹಿಡಿದೀತೆಂದು. ಪುಸ್ತಕಗಳಿಗೆ ಆಗ್ಲಿಬಿಡಿ ಮೇಸ್ತ್ರಿ ಗೋಡೆಗೆ ಹಲಗೆ ಹೊಡೆದುಕೊಟ್ಟ. ಓರೆಯಾಗಿದೆ. ಆಗಲಿ ಬಿಡು ಅಂದುಕೊಂಡೆ.

ಏಪ್ರಿಲ್‌ನಲ್ಲಿ ನಮ್ಮ ಮನೆಯ ತಾರಸಿಯಿಂದ ಯಾವ ಯಾವ ಗ್ರಹ ಕಾಣುತ್ತದೆಂದು ಲೆಕ್ಕ ಹಾಕಿ ಅಕ್ಕನಿಗೆ ಹೇಳಿದೆ. ಮೇ ತಿಂಗಳದೂ ಹೇಳಿದೆ. ಅವಳು "ಹೂಂ" ಅಂದು ದಾರ ಕಚ್ಚಿದಳು. ಮಾರ್ಚ್ ಕೊನೆಗೆ ಹೋಗುವುದಂತೂ ಇದ್ದೇ ಇದೆ.

ಮಾರ್ಚ್ 24

ಸಂಜೆ ತಾರಸಿಯಲ್ಲಿ ದೂರದರ್ಶಕಕ್ಕೆ ಹೊದಿಕೆ ಹಾಕುತ್ತಿದ್ದೆ. ಮೋಡ ಇತ್ತು, ಏನೂ ಕಾಣುವ ಹಾಗಿರಲಿಲ್ಲ. ಸುಮ್ಮನೆ ಹತ್ತಿದ್ದೆ. ಕೆಳಗೆ ಅಕ್ಕ ಶಾಲೆಯ ಸಮವಸ್ತ್ರಗಳ ರಾಶಿ ಹಾಕಿಕೊಂಡು ಬಿಡುವಿಲ್ಲದೆ ಹೊಲಿಯುತ್ತಿದ್ದಳು. ಫೋನು ಬಂತು. ಕಟ್ಟಡದ ಕಚೇರಿಯ ಹುಡುಗಿ, ಸದಾ ನಗುವ ದನಿಯವಳು.

"ಮೇಡಂ, ಸಿಹಿ ಸುದ್ದಿ! ಲಿಫ್ಟ್ ಬಂದಿದೆ. ಬೀಗದ ಕೈ ಯಾವತ್ತು ತಗೋತೀರಿ? ಶನಿವಾರ ಆಗತ್ತಾ?"

ಶನಿವಾರ ಆಗುತ್ತದೆ ಅನ್ನಬೇಕೆಂದೇ ಬಾಯಿ ತೆರೆದೆ. ಎಷ್ಟು ತಿಂಗಳಿಂದ ಕಾಯುತ್ತಿದ್ದ ಮಾತು. ಆದರೆ ಶನಿವಾರ ನಾವು ಕಂಬಕ್ಕೆ ಬಣ್ಣ ಹೊಡೆಯಬೇಕು. ಬಣ್ಣ ಯಾವುದೆಂದು ಇನ್ನೂ ಜಗಳ ಮುಗಿದಿಲ್ಲ. ಅಕ್ಕನಿಗೆ ಹಸಿರು, ನನಗೆ ಬಿಳಿ. ಅದು ನೆನಪಾದದ್ದೇ, ಉಳಿದದ್ದೆಲ್ಲ ಒಟ್ಟಿಗೆ ಗೊತ್ತಾಗಿಹೋಯಿತು. ನಾನು ಹೋಗುವುದಿಲ್ಲ. ಹೋಗುವ ಮನಸ್ಸು ಯಾವತ್ತೋ ಹೋಗಿಬಿಟ್ಟಿದೆ, ನನಗೆ ಹೇಳದೆ.

"ಬೀಗದ ಕೈ ಈಗ ಬೇಡಮ್ಮ. ಬಾಡಿಗೆಗೆ ಯಾರಾದ್ರೂ ಒಳ್ಳೆಯವರಿದ್ರೆ ನೋಡು. ನಾನು ಬರೋದಿಲ್ಲ."

"ಯಾಕೆ ಮೇಡಂ? ಏನಾದ್ರೂ ತೊಂದರೆನಾ?"

"ತೊಂದರೆ ಏನಿಲ್ಲ. ನಾನು ಅಕ್ಕನ ಜೊತೇಲೇ ಇರ್ತೀನಿ."

ಕೆಳಗೆ ಮಿಷನ್ನು ಅರ್ಧ ಹೊಲಿಗೆಯಲ್ಲಿ ನಿಂತಿತು. ಹುಡುಗಿ ಇನ್ನೂ ಏನೇನೋ ಕೇಳಿದಳು, ಲಿಫ್ಟು ತುಂಬ ಚೆನ್ನಾಗಿದೆ, ಕನ್ನಡಿ ಇದೆ ಅಂದಳು. ನಾನು ಹೂಂ ಹೂಂ ಅನ್ನುತ್ತಾ ಫೋನಿಟ್ಟೆ. ಸಂದಿಯಿಂದ ಅಕ್ಕನ ದನಿ ಬಂತು, ಬೇಕೆಂದೇ ಮಾಮೂಲಿ ಮಾಡಿಕೊಂಡ ದನಿ.

"ಯಾರೇ ಅದು ಫೋನು?"

"ಫ್ಲಾಟಿನವರು."

"ಏನಂದೆ ಅವ್ರಿಗೆ? ಈ ಮಿಷನ್ ಸದ್ದಲ್ಲಿ ಒಂದೂ ಕೇಳಿಸ್ಲಿಲ್ಲ."

ಮಿಷನ್ನು ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು. ನಾನು ಹಲಗೆಯ ಮೇಲೆ ಮಂಡಿಯೂರಿ, ಸಂದಿಗೆ ಬಾಯಿಟ್ಟು, ಇನ್ನೊಂದು ಸಲ ಹೇಳಿದೆ, ಬೀದಿಗೆಲ್ಲ ಕೇಳಿಸುವ ಹಾಗೆ.